ಹೆಪ್ಪು ಹಾಕದ ಮೊಸರು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ಮರ್ಯಾದೆಗೆ ತಲೆಯಾಡಿಸಿ, ಒಳಗೊಳಗೇ ನಕ್ಕವಳು ನಾನು. ಕಾನ್ವೆಂಟಿನಲ್ಲಿ ನಮ್ಮ ಸೈನ್ಸ್ ಸಿಸ್ಟರ್ ಎಲ್ಲದಕ್ಕೂ "ಪ್ರೂಫ್?" ಎಂದು ಹುಬ್ಬೇರಿಸುತ್ತಿದ್ದರು, ಆ ಹುಬ್ಬು ನನಗೂ ಅಂಟಿಕೊಂಡಿತ್ತು. ಆದ್ದರಿಂದ ಈಗ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ತಂಗಿ ವಾರಿಜಳಿಗೆ ರಕ್ತದ ಕ್ಯಾನ್ಸರ್ ಬಂದು, ಮಂಗಳೂರಿನಲ್ಲಿ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಮಾಡಿಸಿದೆವು. ಮ್ಯಾರೋ ಕೊಟ್ಟವಳು ನಾನೇ. ಡಿಸ್ಚಾರ್ಜ್ ಆದ ಮೇಲೆ ಅವಳನ್ನು ಅವಳ ಊರು ಪೈವಳಿಕೆಗೆ ಕಳಿಸದೆ ವಿದ್ಯಾನಗರದ ನನ್ನ ಫ್ಲಾಟಿಗೇ ಕರೆತಂದೆ. ಸ್ವಲ್ಪ ದಿನದಲ್ಲೇ ಹೊಟ್ಟೆ ಕೆಟ್ಟಿತು. ತಿಂದದ್ದೆಲ್ಲ ನೀರಾಗಿ ಹೋಗುತ್ತಿತ್ತು. ನನ್ನಿಂದ ಹೋದ ಕಣಗಳು ಅವಳ ಕರುಳನ್ನು ಹೊರಗಿನದೆಂದು ತಿಳಿದು ದಾಳಿ ಮಾಡುತ್ತಿವೆ ಎಂದರು ಡಾಕ್ಟರ್. ಆ್ಯಂಟಿಬಯೋಟಿಕ್ಸಿಗೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸತ್ತಿದ್ದವಂತೆ. ಅವು ಇಲ್ಲದಾಗ ಈ ಜಗಳ ಜೋರಾಗುವುದುಂಟಂತೆ. ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು ನಾವು. ನನ್ನ ರಕ್ತಕ್ಕೆ ಅವಳ ಗುರುತು ಸಿಗಲಿಲ್ಲವೇ ಎಂದು ನನಗೆ ಸಂಕಟ.

ವಾರಿಜ ಮಾತ್ರ, "ನಿನ್ನ ಮ್ಯಾರೋ ಅಲ್ವಾ ಅಕ್ಕ, ಒಳಗೆ ಹೋಗಿ ಹೆಡ್‌ಮಿಸ್ಟ್ರೆಸ್ ಆಗಿ ಕೂತಿದೆ," ಎನ್ನುತ್ತಿದ್ದಳು. ಅವಳಿಗೆ ಬೇಕಾದದ್ದು ಮೊಸರು. "ಒಂದು ಚಮಚ ಕೊಟ್ಟರೆ ನಿನ್ನ ಗಂಟು ಎಂತ ಹೋಗ್ತದೆ ಮಾರಾಯ್ತಿ?"

ಡಾಕ್ಟರ್ ಸ್ಟ್ರಿಕ್ಟ್ ಆಗಿ ಬೇಡವೆಂದಿದ್ದರು. ಅವಳ ಆ ಸ್ಥಿತಿಯಲ್ಲಿ ಮೊಸರಿನ ಬ್ಯಾಕ್ಟೀರಿಯಾ ಕೂಡ ಅಪಾಯವಂತೆ. ಹಾಗಾಗಿ ಮನೆಯಲ್ಲಿ ಒಂದು ಹನಿ ಹೆಪ್ಪನ್ನೂ ಇಟ್ಟಿರಲಿಲ್ಲ. ಪಾತ್ರೆಗಳನ್ನೆಲ್ಲ ಕುದಿಯುವ ನೀರಿನಲ್ಲಿ ತೊಳೆಯುತ್ತಿದ್ದೆ.

ಡಾಕ್ಟರ್ ಸ್ಟೀರಾಯ್ಡ್ ಶುರು ಮಾಡಿದ್ದರು. ಸೋಮವಾರಕ್ಕೂ ಭೇದಿ ನಿಲ್ಲದಿದ್ದರೆ ಅಡ್ಮಿಟ್ ಮಾಡಬೇಕು, ಸ್ಟೀರಾಯ್ಡಿಗೆ ಬಗ್ಗದಿದ್ದರೆ ಮುಂದೆ ಕಷ್ಟ ಎಂದು ಹೇಳಿದ್ದರು. ಭಾನುವಾರ ಬೆಳಿಗ್ಗೆ, ಫ್ರಿಜ್ಜಿಗೆ ಇಡಲು ಮರೆತ ಹಾಲಿನ ಪಾತ್ರೆಯ ಮುಚ್ಚಳ ತೆಗೆದೆ. ಕುದಿಸಿ ಮುಚ್ಚಿಟ್ಟಿದ್ದ ಹಾಲು ಗಟ್ಟಿ ಮೊಸರಾಗಿತ್ತು. ಒಡೆದ ಹಾಲು ನನಗೆ ಗೊತ್ತಿಲ್ಲವೇ? ಇದು ಒಡೆದದ್ದಲ್ಲ. ಚಮಚ ಹಾಕಿದರೆ ಕೊಯ್ದ ಹಾಗೆ ನಿಂತಿತು. ಮನೆಯಲ್ಲಿ ನಾವಿಬ್ಬರೇ, ಬಾತ್‌ರೂಮಿಗೆ ಹೋಗಲೂ ಅವಳಿಗೆ ನನ್ನ ಹೆಗಲು ಬೇಕು. ಗಾಬರಿಯಾಗಿ ಅಷ್ಟನ್ನೂ ಸಿಂಕಿಗೆ ಸುರಿದು, ಬಿಸಿನೀರು ಬಿಟ್ಟೆ. ಅವಳಿಗೆ ಹೇಳಲಿಲ್ಲ.

ಮಧ್ಯಾಹ್ನ ಗಂಜಿ ತೆಗೆದುಕೊಂಡು ಹೋದೆ. ವಾರಿಜ ಆಗಷ್ಟೇ ಎದ್ದಿದ್ದಳು.

"ಪುನಃ ಗಂಜಿಯಾ? ಮೊಸರು ಲಾಯ್ಕ ಇತ್ತು ಅಕ್ಕ. ಹುಳಿಯೇ ಇಲ್ಲ."

"ಯಾವ ಮೊಸರು?"

"ಬೆಳಿಗ್ಗೆ ಕೊಟ್ಟದ್ದು. ಹೆದರಬೇಡ, ಡಾಕ್ಟರಿಗೆ ನಾನು ಹೇಳುವುದಿಲ್ಲ."

ಆ ಸಂಜೆಯಿಂದ ಹೊಟ್ಟೆ ಹಿಡಿತಕ್ಕೆ ಬರತೊಡಗಿತು.

"ಸ್ಟೀರಾಯ್ಡ್ ಕೆಲಸ ಮಾಡಿದೆ ಆಂಟಿ," ಎಂದರು ಡಾಕ್ಟರ್. ಹಾಲಿಗೆ ಎಲ್ಲಿಂದಲೋ ಬ್ಯಾಕ್ಟೀರಿಯಾ ಬಿದ್ದಿರಬೇಕು, ಪೇಶೆಂಟ್ ಕನಸು ಕಂಡಿರಬೇಕು ಎಂದರು. ಇರಬಹುದು. ಒಂದೊಂದಾಗಿ ಎಲ್ಲವೂ ಸರಿಯೇ. ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ನನಗೆ ತಾಳೆಯಾಗುವುದಿಲ್ಲ.

ವಾರಿಜ ಈಗ ಪೈವಳಿಕೆಯಲ್ಲಿ ಆರಾಮವಾಗಿದ್ದಾಳೆ. ಮೊಸರನ್ನು ಸಿಂಕಿಗೆ ಸುರಿದೆ ಎಂದರೆ ನಂಬುವುದೇ ಇಲ್ಲ. "ಸುಳ್ಳು ಹೇಳಬೇಡ. ನೀನೇ ತಿನ್ನಿಸಿದ್ದು. ತಿನ್ನಿಸುವಾಗ ಅಷ್ಟು ಅತ್ತದ್ದು ಯಾಕೆ, ಅದು ಹೇಳು," ಎನ್ನುತ್ತಾಳೆ.

ಅತ್ತದ್ದು ನಿಜ. ಆದರೆ ಸಿಂಕಿನ ಮುಂದೆ, ಸದ್ದಿಲ್ಲದೆ, ಅವಳ ಕೋಣೆಯ ಬಾಗಿಲು ಮುಚ್ಚಿದ್ದಾಗ. ಅದು ಅವಳಿಗೆ ಹೇಗೆ ಗೊತ್ತಾಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ.