ಒಂದೇ ಹೆಸರಿನ ಇಬ್ಬರು ಅಜ್ಜಿಯರು

‘ಇವರಿಬ್ಬರೂ ಒಬ್ಬರೇ ಏನು?’ ಎಂದು ಕಂಪ್ಯೂಟರ್ ಕೇಳಿತು. ಕಾಕಾ ಕೊಟ್ಟ ವಿವರಗಳನ್ನು ವಂಶಾವಳಿಯ ಸಾಫ್ಟ್‌ವೇರಿಗೆ ಸೇರಿಸಿದಾಗ ‘ರುಕ್ಮಾಬಾಯಿ, ಗಂಡ ವೆಂಕಟರಾವ್, ಕಮಲಾಪುರ’ ಎಂಬುದು ಎರಡು ಸಲ ಬಂದಿತ್ತು. ಎರಡನ್ನೂ ಕೂಡಿಸಲು ಮೌಸ್ ಒತ್ತಬೇಕು, ಅಷ್ಟರಲ್ಲಿ ಕಲಬುರಗಿಯ ನಮ್ಮ ಮನೆಗೆ ಬಂದು ಪಕ್ಕದಲ್ಲೇ ಕೂತಿದ್ದ ರುಕ್ಮಾಬಾಯಿ ಅಜ್ಜಿ ನನ್ನ ಕೈ ಹಿಡಿದಳು.

“ಕೂಡಸಬ್ಯಾಡೋ ತಮ್ಮಾ. ಆಕಿ ನಿಮ್ಮಜ್ಜನ ಮೊದಲನೇ ಹೆಂಡತಿ, ಬಾಣಂತನದಾಗ ಹೋದಾಕಿ. ನನ್ನ ಲಗ್ನದಾಗ ಆಕಿ ಹೆಸರೇ ನನಗಿಟ್ರು. ಅತ್ತಿ ಆ ಹೆಸರು ಹಿಡಿದು ಕೂಗಿದ್ರ, ಸತ್ತಾಕೀನ ನನಗಿಂತ ಮೊದಲ ‘ಬಂದೆ’ ಅಂತಿದ್ಲು. ಈಗ ಒಂದ ಮಾಡಿದ್ರ ಉಳಿಯಾಕಿನೂ ಆಕೀನ.”

ನಗಲು ನೋಡಿದೆ. ಅಜ್ಜಿ ನಗುತ್ತಿರಲಿಲ್ಲ.

“ಹಂಗಾರ ನಿನ್ನ ತವರುಮನಿ ಹೆಸರು ಹೇಳಜ್ಜಿ, ಅದನ್ನೇ ಹಾಕ್ತೀನಿ” ಎಂದೆ.

ಅಜ್ಜಿ ಬೆರಳು ಮಡಿಸುತ್ತ ತವರಿನವರ ಹೆಸರುಗಳನ್ನು ಒಂದೊಂದಾಗಿ ನೆನೆದಳು. ಕೊನೆಗೆ “ಗೋದಾವರಿ” ಎಂದಳು. ಟೈಪು ಮಾಡಿದೆ. ಪರದೆಯ ಮೇಲಿನ ಪ್ರಶ್ನೆ ಮಾಯವಾಯಿತು. ಹುರುಪಿನಿಂದ “ಗೋದಾವರಿಬಾಯಿ!” ಎಂದು ಗಟ್ಟಿಯಾಗಿ ಓದಿದೆ. ಅಜ್ಜಿ ಬಾಗಿಲ ಕಡೆ ತಿರುಗಿ ನೋಡಿದಳು, ಯಾರೋ ಹೊಸಬರು ಬಂದರೇನೋ ಎಂಬಂತೆ.

ಅಜ್ಜಿ ಈಗಿಲ್ಲ. ಪರದೆಯ ಮೇಲೆ ಆ ಎರಡು ಹೆಸರು ಅಕ್ಕಪಕ್ಕ ಕಂಡಾಗಲೆಲ್ಲ, ನನಗೆ ತುತ್ತು ಮಾಡಿ ಉಣಿಸಿದವಳು ಇವರಲ್ಲಿ ಯಾರು ಎಂದು ಕೇಳಿಕೊಳ್ಳುತ್ತೇನೆ.