ಕಣ್ಣು ಕಟ್ಟಿದ ರೋವರ್

ಕುಂದಗೋಳ ತಾಲ್ಲೂಕಿನ ಆ ಹೈಸ್ಕೂಲಿಗೆ ವಿಜ್ಞಾನ ಶಿಕ್ಷಕಿಯಾಗಿ ಹೋದ ವರ್ಷವೇ ನಾನು ಎಂಟನೇ ತರಗತಿಯ ಮಕ್ಕಳಿಗೆ ಚಂದ್ರನ ಆಟ ಆಡಿಸಿದೆ. ಆಟ ಸರಳ. ನಾಲ್ಕು ಮಕ್ಕಳ ಒಂದೊಂದು ತಂಡ. ಒಬ್ಬರು ರೋವರ್, ಅಂದರೆ ಚಂದ್ರನ ಮೇಲೆ ಓಡಾಡುವ ಗಾಡಿ. ಅವರ ಕಣ್ಣಿಗೆ ಬಟ್ಟೆ. ಉಳಿದ ಮೂವರು ಭೂಮಿಯ ಮೇಲಿನ ಕಂಟ್ರೋಲ್ ರೂಮ್. ಅವರು ಶಾಲೆಯ ಕಟ್ಟೆಯ ಮೇಲೆ ನಿಂತು ಬರೀ ಬಾಯಿಂದ ದಾರಿ ಹೇಳಬೇಕು; ರೋವರ್ ಯಾವುದಕ್ಕೂ ತಾಗದೆ ಹೋಗಿ ಆ ತುದಿಯ ಗುರಿಯ ಕಲ್ಲನ್ನು ಎತ್ತಬೇಕು. ಮೈದಾನವೇ ಚಂದ್ರ. ಹಳೆಯ ಟೈರುಗಳು ಕುಳಿಗಳಾದವು, ಇಟ್ಟಿಗೆಗಳು ಬಂಡೆಗಳಾದವು. ಕರಿ ಎರೆಮಣ್ಣು ಚಂದ್ರನಂತೆ ಕಾಣಲಿ ಎಂದು ಮಕ್ಕಳು ಮನೆಯ ಒಲೆಗಳಿಂದ ಬೂದಿ ತಂದು ಸುರಿದರು. ಬಿಸಿಯೂಟದ ಅಡುಗೆಯವಳು ಬಾಗಿಲಲ್ಲಿ ನಿಂತು, "ಅಕ್ಕಾರ, ಇದನ್ನ ಕಸಾ ಹೊಡಿಯೋರು ಯಾರ್ರಿ?" ಎಂದು ಕೇಳಿದಳು. ಆ ಕಡೆ ಶಿಕ್ಷಕಿಯರನ್ನು ಎಲ್ಲರೂ ಅಕ್ಕಾರ ಎಂದೇ ಕರೆಯುತ್ತಾರೆ.

ಆ ತರಗತಿಯಲ್ಲಿ ಮೊದಲ ಬೆಂಚಿನ ಹುಡುಗಿಯೊಬ್ಬಳಿದ್ದಳು. ಅವಳ ಅಪ್ಪ ಹಳ್ಳಿಯಿಂದ ಪೇಟೆಗೆ ಟಂಟಂ ಆಟೋ ಓಡಿಸುತ್ತಿದ್ದ. ನಾನು ಪಾಠ ಮಾಡುವಾಗ ಅವಳು ನನ್ನ ಮುಖದಿಂದ ಕಣ್ಣು ಕೀಳುತ್ತಿರಲಿಲ್ಲ. ಇಂಥ ಮಗು ಸಿಕ್ಕಿತಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು. ಥರ್ಮಾಕೋಲ್ ಮತ್ತು ಸೈಕಲ್ ಕಡ್ಡಿಗಳಲ್ಲಿ ಮಕ್ಕಳು ಮಾಡಿದ ಲ್ಯಾಂಡರ್‌ಗಳಲ್ಲಿ, ಅಂದರೆ ಚಂದ್ರನ ಮೇಲೆ ಇಳಿಯುವ ನೌಕೆಗಳಲ್ಲಿ, ಕೋಳಿ ಮೊಟ್ಟೆ ಇಟ್ಟು ಮಾಳಿಗೆಯಿಂದ ಬಿಟ್ಟಾಗ ಒಡೆಯದೆ ಉಳಿದದ್ದು ಅವಳದೊಂದೇ. ಹಾಗಾಗಿ ಗೆಳತಿಯರು ಅವಳನ್ನೇ ರೋವರ್ ಮಾಡಿದರು. "ನಾ ಒಲ್ಲೆ," ಎಂದಳು. ಯಾರೂ ಕೇಳಲಿಲ್ಲ. ಓಢಣಿಯಿಂದ ಕಣ್ಣು ಕಟ್ಟಿ ಮೈದಾನದ ನಡುವೆ ನಿಲ್ಲಿಸಿ ಬಂದರು.

"ಮುಂದ ಬಾ!" ಎಂದು ಕಟ್ಟೆಯಿಂದ ಕೂಗಿದರು.

ಅವಳು ಕದಲಲಿಲ್ಲ.

"ಎಡಕ್ಕ ಹೊಳ್ಳ ಬೇ! ಎಡಕ್ಕ!"

ಕಂಬದ ಹಾಗೆ ನಿಂತೇ ಇದ್ದಳು. ಉಳಿದ ತಂಡಗಳ ಮಕ್ಕಳು ನಗತೊಡಗಿದರು. "ಅಕ್ಕಾರ, ಬ್ಯಾಟರಿ ಮುಗದೈತ್ರಿ!" ಎಂದ ಒಬ್ಬ. ನಾನು ಅವಳ ಹಿಂದೆ ಹೋಗಿ ಮೆಲ್ಲಗೆ ಹೆಸರು ಹಿಡಿದು ಕರೆದೆ. ಆಮೇಲೆ ಜೋರಾಗಿ ಕರೆದೆ. ಕಿವಿಯ ಹತ್ತಿರವೇ ಚಪ್ಪಾಳೆ ತಟ್ಟಿದೆ. ಅವಳ ಕತ್ತು ಕೂಡ ಅಲುಗಲಿಲ್ಲ. ಬಟ್ಟೆ ಬಿಚ್ಚಿದ ಕೂಡಲೇ ಅವಳು ನನ್ನ ತುಟಿ ನೋಡಿದಳು. "ಗಾಳಿ ಭಾಳ ಇತ್ರಿ ಅಕ್ಕಾರ, ಕೇಳಸಲಿಲ್ಲ," ಎಂದಳು. ಅಂಗಳದ ಬೇವಿನ ಮರದಲ್ಲಿ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ.

ಅಂದು ಸಂಜೆಯೇ ಅವಳ ಮನೆಗೆ ಹೋದೆ. ತಾಯಿ ಶೇಂಗಾ ಸುಲಿಯುತ್ತ ಕೂತಿದ್ದಳು. ನಾನು ಮಾತು ಶುರು ಮಾಡುವ ಮೊದಲೇ ಎದ್ದು ಬಾಗಿಲು ಮುಂದೆ ಮಾಡಿದಳು.

"ಗೊತ್ತೈತ್ರಿ ಅಕ್ಕಾರ. ಸಣ್ಣಾಕಿ ಇದ್ದಾಗ ಜ್ವರಾ ಬಂದಿತ್ತು. ಆವಾಗಿಂದ ಕಿವಿ ಮಂದ ಆತು. ವರ್ಷದಿಂದ ವರ್ಷಕ್ಕ ಜಾಸ್ತೀನ ಆಗಾಕತ್ತೈತಿ."

"ಮತ್ತ ಡಾಕ್ಟರಿಗೆ ತೋರಿಸಲಿಲ್ಲೇನವ್ವಾ?"

ಅವಳು ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ಯಾರ ಮುಂದೂ ಹೇಳಬ್ಯಾಡ್ರಿ. ಕಿವುಡಿ ಅಂತ ಹೆಸರು ಬಿತ್ತಂದ್ರ ಮುಗೀತ್ರಿ. ಇಬ್ರು ತಂಗೇರು ಅದಾರ ಆಕಿಗೆ. ಹೇಳೂದಿಲ್ಲ ಅನ್ರಿ."

ಹೇಳುವುದಿಲ್ಲ ಎಂದೆ. ಪ್ರತಿಯಾಗಿ ನಾನೂ ಒಂದು ಮಾತು ತೆಗೆದುಕೊಂಡೆ: ಹುಬ್ಬಳ್ಳಿಗೆ ಹೋಗಿ ತೋರಿಸಬೇಕು. ಅಲ್ಲಿ ಊರಿನವರ ಕಣ್ಣಿಗೆ ಬೀಳುವುದಿಲ್ಲ ಎಂದು ಅಪ್ಪ ಒಪ್ಪಿದ. ಅವನ ಟಂಟಂನಲ್ಲೇ ಹೋದೆವು.

ಆಸ್ಪತ್ರೆಯಲ್ಲಿ ಅವಳನ್ನು ಗಾಜಿನ ಕಿಟಕಿಯ ಸಣ್ಣ ಕೋಣೆಯೊಳಗೆ ಕೂರಿಸಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಅವಳು ಸರಿಯಾಗಿ ಒತ್ತುತ್ತ ಹೋದಳು. ನನಗೂ ಅವಳ ಅಪ್ಪನಿಗೂ ಜೀವ ಬಂದಂತಾಯಿತು. ಆಮೇಲೆ ಪರೀಕ್ಷೆ ಮಾಡುವ ಹುಡುಗ ತನ್ನ ಕುರ್ಚಿಯನ್ನು ಆ ಕಡೆ ತಿರುಗಿಸಿ, ಅವಳಿಗೆ ಬೆನ್ನು ಮಾಡಿ ಕೂತ. ಅಷ್ಟೇ. ಗುಂಡಿ ಒತ್ತುವುದು ನಿಂತಿತು. ಅಲ್ಲಿಯವರೆಗೂ ಅವಳು ಅವನ ಕೈಯಾಡುವುದನ್ನೇ ನೋಡಿ ಒತ್ತುತ್ತಿದ್ದಳು.

ಎರಡೂ ಕಿವಿಗಳ ನರಗಳು ಸೋತಿವೆ, ಮುಂದೆ ಇನ್ನೂ ಸೋಲುತ್ತವೆ ಎಂದರು ಡಾಕ್ಟರು. ಕಿವಿಗೆ ಹಾಕುವ ಮಷೀನು ಕೊಟ್ಟರು. ಅದನ್ನು ಕೂದಲಡಿ ಮರೆಮಾಡಿ ಹಾಕಿಕೊಂಡು ಬಂದ ದಿನ ಕಿವಿಯಲ್ಲಿ ಅದು ಸಿಳ್ಳೆ ಹಾಕಿ ಇಡೀ ತರಗತಿ ತಿರುಗಿ ನೋಡಿತು. ಜಡೆ ಸರಿಮಾಡಿಕೊಳ್ಳುವಂತೆ ನಟಿಸಿ ಅವಳು ಅದನ್ನು ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡಳು. "ಅದ್ರಾಗ ಬರೇ ಗದ್ಲ ಕೇಳಸ್ತೈತ್ರಿ, ಮಾತು ಕೇಳಸೂದಿಲ್ಲ," ಎಂದು ಆಮೇಲೆ ನನಗೆ ಹೇಳಿದಳು. ಮತ್ತೆ ಹಾಕಲಿಲ್ಲ. ಹಾಕು ಎಂದು ಹೇಳಿ ಹೇಳಿ ನಾನೂ ಸುಮ್ಮನಾದೆ.

ಅವಳ ಮೂವರು ಗೆಳತಿಯರು ಮಾತ್ರ ಸುಮ್ಮನಾಗಲಿಲ್ಲ. ಒಂದು ದಿನ ನೈಲಾನ್ ಹಗ್ಗ ಹಿಡಿದು ಬಂದರು. "ಅಕ್ಕಾರ, ಗಾಳಿ ಇದ್ರ ಆಕಿಗೆ ಕೇಳಸೂದಿಲ್ರಿ. ಕೈಗೆ ಹಗ್ಗಾ ಕಟ್ಟೂಣು?" ಅವರಿಗೆ ಎಷ್ಟು ಗೊತ್ತಿತ್ತೋ, ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಎಡಗೈ ಹಗ್ಗ ಜಗ್ಗಿದರೆ ಎಡಕ್ಕೆ, ಬಲಗೈಯದು ಜಗ್ಗಿದರೆ ಬಲಕ್ಕೆ, ಎರಡೂ ಜಗ್ಗಿದರೆ ನಿಲ್ಲಬೇಕು. ಕಣ್ಣು ಕಟ್ಟಿದ ಹುಡುಗಿ ಬೂದಿಯಲ್ಲಿ ಹೆಜ್ಜೆ ಮೂಡಿಸುತ್ತ, ಒಂದು ಟೈರೂ ತಾಗದಂತೆ ದಾಟಿ, ಗುರಿಯ ಕಲ್ಲು ಎತ್ತಿ ಹಿಡಿದಳು.

ಅದನ್ನು ನಂಬಿ ಸುತ್ತಲಿನ ಶಾಲೆಗಳು ಸೇರುವ ವಿಜ್ಞಾನ ಮೇಳಕ್ಕೆ ಅದೇ ತಂಡವನ್ನು ಕರೆದುಕೊಂಡು ಹೋದೆ. ಅಲ್ಲಿಯೂ ಇದೇ ಆಟವಿತ್ತು. ಹಗ್ಗ ನೋಡಿ ನಿರ್ಣಾಯಕರು ತಡೆದರು. ವಯಸ್ಸಾದ, ಮೆದು ಮಾತಿನ ಮನುಷ್ಯ.

"ಇದು ನಡಿಯೂದಿಲ್ರಿ ಅಕ್ಕಾರ. ಬಾಯಿಲೆ ಹೇಳಬೇಕು. ಹುಡುಗಿಗೆ ಏನರ ತೊಂದ್ರಿ ಐತೇನು? ಇದ್ರ ಹೇಳ್ರಿ, ವಿಚಾರ ಮಾಡೂಣು."

ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಅವಳ ಅಪ್ಪ ಟಂಟಂಗೆ ಒರಗಿ ಗೇಟಿನ ಹತ್ತಿರ ನಿಂತಿದ್ದ, ನನ್ನನ್ನೇ ನೋಡುತ್ತಿದ್ದ. ನಮ್ಮ ಊರಿನವರೂ ಸುತ್ತ ನೆರೆದಿದ್ದರು. ತಾಯಿಯ ತಲೆಯ ಬಿಸಿ ಇನ್ನೂ ಅಂಗೈಯಲ್ಲಿದ್ದಂತೆ ಅನ್ನಿಸಿತು.

"ಏನೂ ಇಲ್ರಿ," ಎಂದೆ.

ನನ್ನ ತುಟಿ ಓದಿದ ಹುಡುಗಿ ತಾನೇ ಕೈಯ ಹಗ್ಗ ಬಿಚ್ಚಿದಳು. ಬೇರೆಯವಳು ರೋವರ್ ಆಗಲಿ ಎಂದು ಸನ್ನೆ ಮಾಡಿದೆ. ಅವಳು ತಲೆಯಾಡಿಸಿ ಒಲ್ಲೆನೆಂದಳು. ಮೈದಾನವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣಲ್ಲೇ ಅಳೆದು, ತುಟಿ ಅಲುಗಿಸುತ್ತ ಬಾಯಿಪಾಠ ಮಾಡಿಕೊಂಡಳು. ಆಮೇಲೆ ಬಟ್ಟೆ ಕಟ್ಟಿಸಿಕೊಂಡಳು.

ಕಣ್ಣು ಕಟ್ಟಿದ ಮೇಲೆ ಮೇಳದವರು ಇಟ್ಟಿಗೆ, ಟೈರುಗಳನ್ನು ಎತ್ತಿ ಬೇರೆ ಕಡೆ ಇಟ್ಟರು. ಅಲ್ಲಿನ ನಿಯಮ ಹಾಗಿತ್ತು. ಅವಳಿಗೆ ಗೊತ್ತಿರಲಿಲ್ಲ.

ನೆನಪಿನ ದಾರಿ ಹಿಡಿದು ಅವಳು ಧೈರ್ಯವಾಗಿ ನಡೆದಳು. ಗೆಳತಿಯರು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. "ನಿಂದರ! ನಿಂದರ ಬೇ!" ಟೈರಿಗೆ ಎಡವಿ ಬಿದ್ದಳು. ಜನ ನಕ್ಕರು. ಎದ್ದು ಲಂಗ ಜಾಡಿಸಿಕೊಂಡು ಮತ್ತೆ ಹೊರಟಳು, ದಿಕ್ಕು ತಪ್ಪಿದ್ದು ತಿಳಿಯದೆ. ಗುರಿಯ ಕಲ್ಲನ್ನು ದಾಟಿ ಹೋಗಿ ಕಂಪೌಂಡ್ ಗೋಡೆ ಮುಟ್ಟಿ, ಅಲ್ಲಿ ಬಗ್ಗಿ ನೆಲವನ್ನು ತಡವತೊಡಗಿದಳು. ಕಲ್ಲು ಇಲ್ಲೇ ಎಲ್ಲೋ ಇದೆ ಎಂಬಂತೆ ಮುಗುಳ್ನಗುತ್ತಿದ್ದಳು. ಗೆಳತಿಯೊಬ್ಬಳು ಓಡಿಹೋಗಿ ಅವಳ ಕೈ ಹಿಡಿದಳು.

ಕಿವಿ ಕೇಳದ ಮಕ್ಕಳ ಶಾಲೆಯ ವಿಷಯವನ್ನು ಆಮೇಲೆ ಎರಡು ಸಲ ಅವರ ಮನೆಯಲ್ಲಿ ಎತ್ತಿದೆ. "ಅಲ್ಲಿ ಕಳಿಸಿದ್ರ ನಾವ ಡಂಗುರಾ ಸಾರಿದಂಗ ಆಗ್ತೈತ್ರಿ," ಎಂದು ತಾಯಿ ಚಹಾ ಕೊಟ್ಟು ಕಳಿಸಿದಳು. ಜೂನ್‌ನಲ್ಲಿ ಶಾಲೆ ಶುರುವಾದಾಗ ಮೊದಲ ಬೆಂಚಿನಲ್ಲಿ ಅವಳಿರಲಿಲ್ಲ. ಅಣ್ಣಿಗೇರಿಯ ಸೋದರತ್ತೆಯ ಮನೆಯಲ್ಲಿ ಹೊಲಿಗೆ ಕಲಿಯಲು ಬಿಟ್ಟಿದ್ದಾರೆ ಎಂದು ತಿಳಿಯಿತು. ಹೆಡ್ ಮಾಸ್ತರರನ್ನು ಕರೆದುಕೊಂಡು ಹೋಗಿ ಕೇಳಿಕೊಂಡೆವು. ಕಳಿಸುತ್ತೇವೆ ಎಂದರು, ಕಳಿಸಲಿಲ್ಲ.

ಹೋದ ವರ್ಷ ಕುಂದಗೋಳದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಎತ್ತರವಾಗಿದ್ದಾಳೆ. ನನ್ನ ಕೈ ಹಿಡಿದು ಒಂದೇ ಸಮನೆ ಮಾತಾಡಿದಳು: ಅತ್ತೆಯ ಹೊಲಿಗೆ ಮಷೀನು, ಹೊಸ ನಮೂನೆಯ ಬ್ಲೌಸು, ತಂಗಿಯರ ಓದು. ನಡುವೆ ನಾನು ಬಾಯಿ ಹಾಕಲು ಜಾಗವನ್ನೇ ಕೊಡಲಿಲ್ಲ. ಕೇಳುವ ಪ್ರಸಂಗವೇ ಬರಬಾರದು ಎಂದು ಹಾಗೆ ಮಾತಾಡುತ್ತಿದ್ದಾಳೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ನನ್ನ ಬಸ್ಸು ಬಂತು. ಕಿಟಕಿಯಿಂದ ಬಗ್ಗಿ, "ಮತ್ತ ಸಾಲಿ ಕಲಿಯಾಕ ಬರ್ತೀಯೇನ?" ಎಂದೆ. ಅವಳು ನಕ್ಕು, ಹೌದೆಂಬಂತೆ ತಲೆಯಾಡಿಸಿದಳು. ಏನು ಕೇಳಿದೆನೆಂದು ಅವಳಿಗೆ ತಿಳಿಯಿತೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ.