ಖಾದರ್ ಸಾಬರ ಎಂಜಿನ್ ಇಲ್ಲದ ವಿಮಾನ

ಖಾದರ್ ಸಾಬರು ಯಾರಿಗೆ ಮಂಚ ಮಾಡಿಕೊಟ್ಟರೂ ಮೊದಲು ತಾವೇ ಅದರ ಮೇಲೆ ಅಂಗಾತ ಮಲಗಿ ನೋಡುತ್ತಿದ್ದರು. ಅಜ್ಜಂಪುರದಿಂದ ಮದುವೆ ಮಂಚ ಒಯ್ಯಲು ಬಂದವರೊಬ್ಬರು ಇದನ್ನು ಕಂಡು ಸಿಡುಕಿದಾಗ, "ನಾನ್ ಮಲಗ್ದೆ ಇರೋ ಮಂಚ ಬೇಕಾದ್ರೆ ಬೇರೆ ಅಂಗ್ಡಿ ನೋಡ್ಕಳಿ" ಎಂದು ಬೆನ್ನು ತಿರುಗಿಸಿದರು. ತರೀಕೆರೆಯಲ್ಲಿ ನಮ್ಮ ಪಕ್ಕದ ಮನೆಯವರು. ಕೋಪ ಮೂಗಿನ ತುದಿಯಲ್ಲೇ. ಆದರೂ ಊರಿನ ಶಾಲೆಯಲ್ಲಿ ಟೀಚರಾಗಿದ್ದ ನನಗೆ ಅವರೆಂದರೆ ಬಲು ಇಷ್ಟ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಬೆಂಗಳೂರಿನ ಕಡೆ ವಿಮಾನ ಕಟ್ಟುವ ಕಾರ್ಖಾನೆಯಲ್ಲಿ ಬಡಗಿಯಾಗಿದ್ದರಂತೆ. ಅಲ್ಲಿ ಪರೀಕ್ಷೆಗೆಂದು ಒಂದು ಮರದ ವಿಮಾನ ಮಾಡಿದರು. ಅದಕ್ಕೆ ಎಂಜಿನ್ನೇ ಇಲ್ಲ. ಇನ್ನೊಂದು ವಿಮಾನ ಇದಕ್ಕೆ ಹಗ್ಗ ಕಟ್ಟಿ ಎಳೆದೊಯ್ದು ಶತ್ರುಗಳ ನೆಲದ ಮೇಲೆ ಬಿಟ್ಟುಬಿಡುವುದು, ಸೈನಿಕರನ್ನು ಹೊತ್ತ ಇದು ತೇಲಿಕೊಂಡು ಇಳಿಯುವುದು.

"ಸೀಟಿನ ಹಲಗೆ ನಂದೇ ಟೀಚರಮ್ಮ. ಕೂತು ನೋಡ್ದೆ, ಗಟ್ಟಿ ಇತ್ತು. ವಾಪಸ್ ಹೆಂಗ್ ಬತ್ತದೆ ಸಾರ್ ಅಂದೆ. ವಾಪಸ್ ಬರಲ್ಲ ಕಣಯ್ಯ, ಅಲ್ಲೇ ಬಿಡೋದು ಅಂದ್ರು. ಒಳಗಿರೋ ಹುಡುಗ್ರು ಅಂದೆ. ಸಾಹೇಬ್ರು ಟೋಪಿ ಹಾಕ್ಕೊಂಡು ಹೊರಟೋದ್ರು."

ಆ ವಿಮಾನ ಯುದ್ಧಕ್ಕೆ ಹೋಗಲೇ ಇಲ್ಲ. ಸಾಬರ ತಲೆಯಿಂದ ಮಾತ್ರ ಇಳಿಯಲಿಲ್ಲ. ಮಸೀದಿಯ ಜನಾಜಾ, ಅಂದರೆ ಹೆಣ ಹೊರುವ ಮರದ ಮಂಚ, ಕಾಲು ಸಡಿಲವಾಗಿ ಅಲುಗುತ್ತಿತ್ತು. ಹಿರಿಯರು ಎಷ್ಟು ಸಲ ಬಂದು ಕೇಳಿಕೊಂಡರೂ ಅದನ್ನು ಮುಟ್ಟಲಿಲ್ಲ. "ಹೋದೋರು ಬರ್ದೇ ಇರೋ ಗಾಡಿ ಒಂದ್ಸಲ ಮಾಡಿದ್ದೀನಿ, ಸಾಕು" ಎಂದು ಅಟ್ಟಿಬಿಡುತ್ತಿದ್ದರು.

ಎಂಬತ್ತರ ದಶಕದ ಒಂದು ಬೇಸಿಗೆ. ಅವರ ಒಬ್ಬನೇ ಮಗ ರಫೀಕ್ ಓಡಿಸುತ್ತಿದ್ದ ಲಾರಿ ಕಡೂರಿನ ಹತ್ತಿರ ಮಗುಚಿ, ಅವನ ಹೆಣ ಮನೆಗೆ ಬಂತು. ಮಸೀದಿಯಿಂದ ಅದೇ ಅಲುಗುವ ಜನಾಜಾ ತಂದಿಟ್ಟರು. ಸಾಬರು ಅಳಲಿಲ್ಲ. ಉಳಿ, ಕೊಡತಿ ತಂದು ಅಂಗಳದಲ್ಲಿ ಕೂತರು. ಒಳಗೆ ಮಗನಿಗೆ ಸ್ನಾನ ಮಾಡಿಸುತ್ತಿದ್ದರೆ ಹೊರಗೆ ಇವರು ಕಾಲಿಗೆ ಬೆಣೆ ಹೊಡೆಯುತ್ತಿದ್ದರು. ಆಮೇಲೆ ಬೀದಿಯ ಜನರೆದುರೇ ಅದರ ಮೇಲೆ ಅಂಗಾತ ಮಲಗಿಬಿಟ್ಟರು. "ತೌಬಾ, ಎದ್ದೇಳಿ ಭಾಯ್" ಎಂದು ಯಾರೋ ಕೈ ಹಿಡಿದರು. ಸಾಬರು ಎದ್ದು ಪಂಚೆ ಕೊಡವಿಕೊಂಡು, "ತಡೀತದೆ. ಈಗ ಮಲಗ್ಸಿ ಅವನ್ನ" ಎಂದರು. ನಾನು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಸಂಜೆ ಖಾಲಿ ಜನಾಜಾವನ್ನು ನಮ್ಮ ಬೀದಿಯಲ್ಲೇ ಹೊತ್ತು ತಂದರು. ಮಗನಿಗೆ ಮಣ್ಣು ಕೊಟ್ಟ ಸಾಬರು ಅದರ ಹಿಂದೆ ಬರುತ್ತಿದ್ದವರು ನಮ್ಮ ಜಗಲಿಯ ಮುಂದೆ ನಿಂತರು.

"ಗಾಡಿ ವಾಪಸ್ ಬಂತು ಟೀಚರಮ್ಮ" ಎಂದರು.

ಮುಂದಿನ ವರ್ಷ ಅದೇ ಜನಾಜಾ ಅವರನ್ನೂ ಒಯ್ದಿತು. ಕಾಲು ಒಂದಿಷ್ಟೂ ಅಲುಗಲಿಲ್ಲ. ಅದು ಖಾಲಿಯಾಗಿ ಮರಳುವ ಹೊತ್ತಿಗೆ ನಾನು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆ.